ತರಗು



ಇಷ್ಟು ಹೊತ್ತಿಗೆ ನಿಮ್ಮ ಬೀದಿಯ ಮೂಲೆಯಲ್ಲಿ ಯಾರೋ ಒಣಗಿದ ಎಲೆ ಗುಡಿಸಿ, ಗುಡ್ಡೆ ಮಾಡಿ, ಕಡ್ಡಿ ಗೀರಿರಬಹುದು. ಹೊಗೆ ಬಂದರೆ ನಾವು ಎದ್ದು ಕಿಟಕಿ ಹಾಕುತ್ತೇವೆ, ಅಷ್ಟೆ. ಹೊಗೆ ನಮಗೆ ರೂಢಿಯಾಗಿದೆ. ಹೀಗೆ ಹೊಗೆ ರೂಢಿಯಾಗಿಬಿಟ್ಟಿದ್ದ ಒಂದು ಊರಿನ ಕಥೆ ಇವತ್ತು.

ಊರಿನ ಹೆಸರು ಪೆಷ್ಟಿಗೊ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ದಡದಲ್ಲಿದೆ. 1871ರಲ್ಲಿ ಅದು ಮರ ಕಡಿದು ಬದುಕುವವರ ಊರು. ಸುತ್ತ ಪೈನ್ ಕಾಡು, ನಡುವೆ ಗರಗಸದ ಮಿಲ್ಲು, ಜೊತೆಗೆ ಮರದ ಬಕೆಟ್ಟು, ತೊಟ್ಟಿ, ಪೊರಕೆಯ ಹಿಡಿ ಮಾಡುವ ದೊಡ್ಡ ಕಾರ್ಖಾನೆ. ಮನೆಗಳು ಮರದವು. ಕಾಲುದಾರಿಗೆ ಹಾಸಿದ್ದು ಹಲಗೆ. ಬೀದಿಗೆ ಚೆಲ್ಲಿದ್ದು ಮರದ ಹೊಟ್ಟು. ಕಾಡಿನಿಂದ ದಿಮ್ಮಿ ಸಾಗಿಸಿದ ಮೇಲೆ ಉಳಿದ ರೆಂಬೆ, ತುದಿ, ಸೊಪ್ಪು ಬಿದ್ದಲ್ಲೇ ಒಣಗುತ್ತಿತ್ತು. ಅದನ್ನು ಎತ್ತಿದರೆ ಕಾಸು ಹುಟ್ಟುವುದಿಲ್ಲವಲ್ಲ!

ಆ ವರ್ಷ ಮಳೆ ಕೈಕೊಟ್ಟಿತು. ರೈಲು ಹಳಿ ಹಾಕುವವರು, ಹೊಲ ಮಾಡಿಕೊಳ್ಳುವವರು ಕಾಡು ಸವರಿ ಅಲ್ಲಲ್ಲೇ ಬೆಂಕಿ ಇಡುತ್ತಿದ್ದರು. ಅದು ಪೂರ್ತಿ ಆರುತ್ತಿರಲಿಲ್ಲ. ನೆಲದೊಳಗಿನ ಬೇರು ಹಿಡಿದು ಹೊಗೆಯಾಡುತ್ತಲೇ ಇತ್ತು. ಪಕ್ಕದ ಗ್ರೀನ್ ಬೇ ಕೊಲ್ಲಿಯಲ್ಲಿ ಹಡಗುಗಳು ದಾರಿ ಕಾಣದೆ, ಮಂಜು ಕವಿದಾಗ ಊದುವ ಕೊಂಬನ್ನು ಊದುತ್ತಾ ಸಾಗಿದವು. ಸೆಪ್ಟೆಂಬರಿನಲ್ಲಿ ಒಮ್ಮೆ ಕಿಚ್ಚು ಊರಂಚಿಗೇ ಬಂತು. ಜನ ನೀರು ಹೊತ್ತು ತಡೆದರು. ಗಾಳಿ ತಿರುಗಿತು, ಮಿಲ್ಲು ಮತ್ತೆ ಶುರುವಾಯಿತು.

ಅಕ್ಟೋಬರ್ 8, ಭಾನುವಾರ. ರಾತ್ರಿ ಬಿರುಗಾಳಿ ಎದ್ದು ಚದುರಿದ್ದ ಕಿಚ್ಚುಗಳೆಲ್ಲ ಒಂದಾದವು. ಬಕೆಟ್ಟು ಮಾಡುವ ಊರು, ಪಕ್ಕದಲ್ಲೇ ಹೊಳೆ. ಆದರೆ ಬಕೆಟ್ಟಿನಲ್ಲಿ ಆರಿಸುವ ಬೆಂಕಿ ಅದಾಗಿರಲಿಲ್ಲ. ಬದುಕುಳಿದ ಪೀಟರ್ ಪರ್ನಿನ್ ಎಂಬ ಪಾದ್ರಿ ಆ ರಾತ್ರಿಯನ್ನು ಬರೆದಿಟ್ಟಿದ್ದಾರೆ. ಜನ ಹೊಳೆಗೆ ಇಳಿದರು. ಕತ್ತಿನವರೆಗೆ ಕೊರೆಯುವ ನೀರು, ಮೇಲೆ ಉರಿ. ಒದ್ದೆ ಬಟ್ಟೆಯನ್ನು ತಲೆಗೆ ಹೊದ್ದುಕೊಳ್ಳುವುದು, ಅದು ಒಣಗಿದೊಡನೆ ಮತ್ತೆ ಅದ್ದುವುದು, ಹೀಗೆ ಐದಾರು ಗಂಟೆ. ಹಿಡಿದಿದ್ದ ದಿಮ್ಮಿ ಕೈತಪ್ಪಿದ ಒಬ್ಬ ಹೆಂಗಸು, ಈಜುತ್ತಿದ್ದ ಹಸುವಿನ ಕೋಡು ಹಿಡಿದು ಪಾರಾದಳಂತೆ.

ಆ ಸೀಮೆಯಲ್ಲಿ ಸತ್ತವರು ಕಡಿಮೆಯೆಂದರೂ 1,200. ಗುರುತು ಹೇಳುವವರೇ ಇಲ್ಲದೆ ಸುಮಾರು 350 ಜನರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಅದೇ ರಾತ್ರಿ ಶಿಕಾಗೋ ನಗರವೂ ಸುಟ್ಟಿತು. ಅಲ್ಲಿ ಸತ್ತವರು ಸುಮಾರು 300. ಲೋಕ ನೆನಪಿಟ್ಟುಕೊಂಡಿದ್ದು ಶಿಕಾಗೋವನ್ನು. ಶಿಕಾಗೋದ ಮೊದಲ ಮೇಯರ್ ಆಗಿದ್ದ ವಿಲಿಯಂ ಆಗ್ಡನ್‌ಗೆ ಆ ರಾತ್ರಿ ಎರಡು ಕಡೆಯೂ ನಷ್ಟ: ಪೆಷ್ಟಿಗೊದ ಕಾರ್ಖಾನೆಯೂ ಆತನದೇ.

ಅಮೆರಿಕ ಪಾಠ ಕಲಿಯಿತೇ? ಕಲಿಯಿತು, ಅರ್ಧ. ಕಾಡಿನಲ್ಲಿ ಬೆಂಕಿ ಕಂಡರೆ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಲೇಬೇಕೆಂದು ಅಲ್ಲಿನ ಅರಣ್ಯ ಇಲಾಖೆ 1935ರಲ್ಲಿ ನಿಯಮ ಮಾಡಿತು. ಸರ್ಕಾರಿ ಕಚೇರಿ ತೆರೆಯುವ ಹೊತ್ತಿಗೆ! ಸಣ್ಣ ಬೆಂಕಿ ನಿಂತಿತು, ನೆಲದ ಮೇಲೆ ತರಗು ದಶಕಗಟ್ಟಲೆ ಪೇರುತ್ತಾ ಹೋಯಿತು. ಈಗ ಹೊತ್ತಿಕೊಂಡರೆ ಊರೇ ಹೋಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು, 85 ಜನ ಸತ್ತರು. 2023ರ ಜೂನಿನಲ್ಲಿ ಕೆನಡಾದ ಕಾಡುಗಳ ಹೊಗೆ ವಿಸ್ಕಾನ್ಸಿನ್ನಿಗೂ ಬಂದು ಕವಿಯಿತು.

ಅಮೆರಿಕದ ಆ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಗಿಫರ್ಡ್ ಪಿನ್‌ಶೋಗೆ ಗುರುವಾಗಿದ್ದವನು ಡೀಟ್ರಿಕ್ ಬ್ರಾಂಡಿಸ್. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕನೂ ಆತನೇ. ಬೆಂಕಿಯೆಂದರೆ ಕಾಡಿನ ಶತ್ರು ಎಂಬ ಮಾತು ನಮ್ಮಲ್ಲೂ ಬೇರೂರಿತು. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಳಿ ಬೇರೆ ಲೆಕ್ಕವಿತ್ತು. ಬಿಸಿಲು ಬಲಿಯುವ ಮೊದಲೇ ನೆಲದ ಎಲೆಗೆ ಸಣ್ಣ ಕಿಚ್ಚು ಹಚ್ಚುತ್ತಿದ್ದರು. ಅದಕ್ಕೆ ಅವರ ಹೆಸರು ತರಗು ಬೆಂಕಿ. ಹುಲ್ಲು ಚಿಗುರುತ್ತಿತ್ತು, ಪೊದೆ ಮಿತಿಯಲ್ಲಿರುತ್ತಿತ್ತು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಬೆಂಕಿ ನಿಂತಿತು. ಲಂಟಾನ ಬೆಳೆಯಿತು, ನೆಲ್ಲಿ ಮರಗಳಿಗೆ ಅವರು ಉಪ್ಪಿಲು ಎನ್ನುವ ಬಂದಳಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ.

ಹಾಗೆಂದು ಕಾಡಿಗೆ ಯಾರು ಬೇಕಾದರೂ ಕಡ್ಡಿ ಗೀರಬಹುದು ಎನ್ನುತ್ತಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ಕಂಡಿದ್ದೇವೆ. ಆಳೆತ್ತರದ ಲಂಟಾನದ ನಡುವೆ ಇವತ್ತು ಸಣ್ಣ ಬೆಂಕಿ ಇಟ್ಟರೂ ಅದು ಸಣ್ಣದಾಗಿ ಉಳಿಯುವುದಿಲ್ಲ. ಮೊದಲು ಪೊದೆ ತೆಗೆಯಬೇಕು. ಆ ಕೆಲಸಕ್ಕೆ ಸೋಲಿಗರನ್ನೇ ಕೇಳಬೇಕು.

ಪೆಷ್ಟಿಗೊದಲ್ಲಿ ಆ ರಾತ್ರಿ ಸುಡದೆ ನಿಂತ ಮನೆ ಒಂದೇ ಒಂದು. ಅದನ್ನು ಇನ್ನೂ ಕಟ್ಟುತ್ತಿದ್ದರು. ಅದರ ಮರ ಹಸಿಯಾಗಿತ್ತು.