ಸಂತೆಯ ಬೆಳ್ಳಿ ಮೀನು: ಗುರುತಿಸುವುದು ಹೇಗೆ?



ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನಮಗೂ ಸಮುದ್ರದ ಮೀನಿಗೂ ಏನು ಸಂಬಂಧ ಅನ್ನಬೇಡಿ. ಸಮುದ್ರ ದೂರವೇ ಸರಿ. ಕರಿಮೀನಿನ ರಾಶಿ ಮಾತ್ರ ಸಂತೆಗೆ ಬಂದು ಕೂತಿರುತ್ತದೆ. ಕೇರಳದಲ್ಲಿ ಕರಿಮೀನೆಂದರೆ ಹಿನ್ನೀರಿನ ಬೇರೊಂದು ಮೀನು. ನಮ್ಮಲ್ಲೋ, ಒಣಗಿಸಿದ್ದೆಲ್ಲಾ ಕರಿಮೀನೇ!

ಆ ರಾಶಿಯಲ್ಲಿ ಬೆಳ್ಳಿ ಬಿಲ್ಲೆಯಂತೆ ಹೊಳೆಯುವ, ಚಪ್ಪಟೆಯಾದ ಸಣ್ಣ ಮೀನೊಂದನ್ನು ನೀವು ಕಂಡಿರಬಹುದು. ಬತ್ತೇರಿ ಕಡೆಯ ಮಲೆಯಾಳಿಗಳು ಇದನ್ನು ಮುಳ್ಳನ್ ಎನ್ನುತ್ತಾರೆ, ತಮಿಳರು ಕಾರಲ್ ಎನ್ನುತ್ತಾರೆ. ಭಾರತದ ಎರಡೂ ಕರಾವಳಿಗಳಲ್ಲಿ, ದಡದ ಹತ್ತಿರ ಆಳವಿಲ್ಲದ ನೀರಿನಲ್ಲಿ, ಇವು ಹಿಂಡು ಹಿಂಡಾಗಿ ಇರುತ್ತವೆ. ಇಂಗ್ಲಿಷಿನಲ್ಲಿ ಪೋನಿ ಫಿಷ್, ಅಂದರೆ ತಟ್ಟುಕುದುರೆ ಮೀನು.

ಗುರುತು ಹಿಡಿಯುವುದಕ್ಕೆ ಮೊದಲು ಬಾಯಿ ನೋಡಿ. ಒಂದು ಮೀನನ್ನು ಬಿಸಿನೀರಿನಲ್ಲಿ ನೆನೆಸಿ, ಕೆಳದವಡೆಯನ್ನು ಉಗುರಿನಿಂದ ಮೆಲ್ಲಗೆ ಎಳೆಯಿರಿ. ಬಾಯಿ ಕೊಳವೆಯ ಹಾಗೆ ಮುಂದಕ್ಕೆ ಬರುತ್ತದೆ. ಈ ಕುಟುಂಬದ ಕೆಲವು ಜಾತಿಗಳಲ್ಲಿ ಅದು ಕೆಳಮುಖ, ಕೆಲವದರಲ್ಲಿ ಮೇಲ್ಮುಖ. ಆದರೆ ಬಾಯಿಯೊಂದನ್ನೇ ನಂಬಬೇಡಿ. ಗೆರೆಸ್ ಎಂಬ ಇನ್ನೊಂದು ಬೆಳ್ಳಿ ಮೀನಿಗೂ ಬಾಯಿ ಹೀಗೇ ಚಾಚಿಕೊಳ್ಳುತ್ತದೆ. ಅದಕ್ಕೆ ಹುರುಪೆ ದೊಡ್ಡದು, ಕೆರೆದರೆ ಬಿಡಿಬಿಡಿಯಾಗಿ ಉದುರುತ್ತದೆ. ಮುಳ್ಳನ್ನಿನ ಹುರುಪೆ ಎಷ್ಟು ಸಣ್ಣದೆಂದರೆ ಚರ್ಮ ಬರೀ ನುಣುಪು ಅನ್ನಿಸುತ್ತದೆ. ನೆತ್ತಿಯ ಮೇಲೆ ಬೆರಳಾಡಿಸಿದರೆ ಮಾತ್ರ ಮೂಳೆಯ ಏಣು ತಗಲುತ್ತದೆ. ಉದ್ದಕ್ಕೆ ಬೆರಳಿನಂತಿರುವ ನೆತ್ತೋಲಿಯೊಡನೆ ಇದನ್ನು ಯಾರೂ ಬೆರೆಸಿಕೊಳ್ಳಲಾರರು.

ಗುರುತಿಸಿ ಆಗಬೇಕಾದ್ದೇನು ಅಂತೀರಾ? ಮುಳ್ಳನ್ನಿನಲ್ಲಿ ಮಾಂಸ ಕಡಿಮೆ, ಮುಳ್ಳು ಹೆಚ್ಚು. ಚಿಕ್ಕ ಮಕ್ಕಳಿಗೆ ಹಾಗೆಯೇ ಕೊಡಬಾರದು. ಚೆನ್ನಾಗಿ ಹುರಿದು ಪುಡಿಮಾಡಿದರೆ ಮುಳ್ಳಿನ ಸುಣ್ಣದಂಶವೂ ದಕ್ಕುತ್ತದೆ.

ಕೊಳ್ಳುವಾಗ ಮುಷ್ಟಿಯಷ್ಟು ತೆಗೆದು ಒದರಿ. ಮರಳು ಉದುರಿದರೆ ನೆಲದ ಮೇಲೆ ಒಣಗಿಸಿದ್ದು ಎಂದು ತಿಳಿಯಿರಿ. ಉಪ್ಪು ಹಾಕಿದ ಮೀನಿಗೆ ಕೆಂಪು ಛಾಯೆ ಬಂದಿದ್ದರೆ ಅದು ಕೆಟ್ಟಿದೆ, ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಂದು ಮಾತು, ಇದನ್ನು ಒತ್ತಿಯೇ ಹೇಳಬೇಕು. ಹುಳ ಬೀಳುತ್ತದೆಂದು ಬೆಳೆಗೆ ಎರಚುವ ಔಷಧಿಯ ಪುಡಿಯನ್ನು ಮೀನಿನ ಮೇಲೆ ಉದುರಿಸಲೇಬೇಡಿ. ಔಷಧಿ ಇಟ್ಟ ಮೂಲೆಯಲ್ಲೂ ಮೀನು ಇಡಬೇಡಿ. ತೊಳೆದರೆ, ಬೇಯಿಸಿದರೆ ವಿಷ ಹೋಗಿಬಿಡುತ್ತದೆ ಅನ್ನುವ ಧೈರ್ಯ ಬೇಡ. ಆಗಾಗ ಒಳ್ಳೆಯ ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ. ಪುಡಿ ತಾಗಿದ ಮೀನನ್ನು ಕೋಳಿಗೂ ಹಾಕದೆ, ಬಾವಿ ಕೆರೆಗಳಿಂದ ದೂರದಲ್ಲಿ ಆಳವಾಗಿ ಹೂಳಿರಿ.