ಮನೆಯೊಳಗಣ ಕಚೇರಿ

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಲಾಕ್‌ಡೌನಿಗೆ ಒಳಗಾದಾಗ, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಚಾಮರಾಜನಗರ, ಗುಂಡ್ಲುಪೇಟೆಗಳ ಅನೇಕ ತರುಣ ತರುಣಿಯರು ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಹುಟ್ಟೂರಿಗೆ ಮರಳಿದರು. ಜೂನ್ ತಿಂಗಳ ಮೊದಲ ವಾರದವರೆಗೂ ಕೊರೋನಾ ಸೋಂಕು ದಾಖಲಾಗದಿದ್ದ ನಮ್ಮ ಚಾಮರಾಜನಗರ ಜಿಲ್ಲೆ ಅವರಿಗೆ ಅಭಯಸ್ಥಾನವಾಗಿ ತೋರಿದ್ದು ಸಹಜವೇ ಆಗಿತ್ತು.

ನಡುಮನೆಯ ಮೂಲೆಯೇ ಕಚೇರಿಯಾಯಿತು. ಬಂಡೀಪುರದ ಕಾಡಂಚಿನಲ್ಲಿ ಸಿಗ್ನಲ್ಲನ್ನರಸಿ ತಾರಸಿಯೇರಿದವರೂ ಉಂಟು. ಮನೆಯಲ್ಲಿಯೇ ಇರುವ ಮಗನು ಅರಿಶಿನದ ಹೊಲಕ್ಕೆ ನೀರು ಹಾಯಿಸಲು ಒಂದು ಗಳಿಗೆ ಬರಲಾರನೇ ಎಂದು ತಂದೆಯೂ, ಮನೆಯಲ್ಲಿಯೇ ಇರುವವನಿಗೆ ರಾತ್ರಿಯ ಕೆಲಸ ಹೊರೆಯೇ ಎಂದು ಮೇಲಧಿಕಾರಿಯೂ ಭಾವಿಸುತ್ತಿರಲು, ದುಡಿಮೆಗೆ ತಾನೇ ಮೇರೆ ಹಾಕಿಕೊಳ್ಳುವುದು ಕಷ್ಟಸಾಧ್ಯವಾದ ಶಿಸ್ತಾಯಿತು.

ಆದರೆ ಇದಕ್ಕಿಂತ ಗುರುತರವಾದ ಕೊರತೆಯೆಂದರೆ ಸಹೋದ್ಯೋಗಿಗಳ ಸಾಮೀಪ್ಯದ್ದು. ಪರದೆಯ ಸಭೆಯಲ್ಲಿ ಕಾರ್ಯಸೂಚಿಯುಂಟು. ಆದರೆ ಚಹದ ವಿರಾಮದಲ್ಲಿದ್ದಂತೆ ಗೆಳೆಯನ ಮುಖವನ್ನು ಕಂಡೊಡನೆ ಅವನ ದುಗುಡವನ್ನರಿತು ಬಳಿಗೆ ಹೋಗುವ ಅವಕಾಶವಿಲ್ಲ. ನಮ್ಮ ಜಿಲ್ಲೆಯವರೇ ಆದ ಕೊಳ್ಳೇಗಾಲದ ರೇಷ್ಮೆ ನೇಕಾರರು ಮನೆಯಲ್ಲಿ ಮಗ್ಗ ಹೂಡಿಯೇ ಬಾಳಿದವರು. ಆದರೆ ಅವರ ನೆರೆಮನೆಯಲ್ಲಿಯೂ ಮಗ್ಗದ ಸದ್ದಿತ್ತು, ಎಳೆ ತೊಡಕಿದರೆ ಕೇಳಲು ಜನವಿತ್ತು. ಮನೆಯ ದುಡಿಮೆ ಒಂಟಿತನವಾಗಲೇಬೇಕಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಮನೆಯಿಂದ ದುಡಿಯುತ್ತಿರುವ ಮಿತ್ರರೆ, ಇಂದು ಕೆಲಸಕ್ಕೆ ಕೂರುವ ಮುನ್ನ ಒಬ್ಬ ಸಹೋದ್ಯೋಗಿಗೆ ಕರೆಮಾಡಿ. ಕೆಲಸದ ಮಾತನ್ನೆತ್ತದೆ, ಅವರ ಕ್ಷೇಮವನ್ನಷ್ಟೇ ವಿಚಾರಿಸಿರಿ.