ಸಹಿಗೆ ಮುನ್ನ ವಕೀಲರ ಬಳಿಗೆ

(ಗುಂಡ್ಲುಪೇಟೆಯಲ್ಲಿ ರೈತರು ಹಾಗೂ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದು. ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಅಂಶವೊಂದಿದೆ. ಹೊಣೆ ಹೊರುವವನೇ ಪತ್ರದ ಒಕ್ಕಣೆಯನ್ನು ಹೇಳಬೇಕು; ಅವನು ಅಶಕ್ತನಾದರೆ ಅವನ ಪರವಾಗಿ ಪೋಷಕನು ನ್ಯಾಯಯುತವಾಗಿ ಹೇಳಬೇಕು. ತನಗೆ ತಿಳಿಯದ ಭಾಷೆಯ ಕರಾರು ಪತ್ರದ ಮುಂದೆ ಕುಳಿತ ರೈತನಿಗಿಂತ ಅಶಕ್ತನು ಇನ್ನಾರು?

ಈ ತಾಲೂಕಿನಲ್ಲಿ ಕಂಪೆನಿಗಳೊಂದಿಗಿನ ಒಪ್ಪಂದದ ಮೇಲೆ ಚೆಂಡು ಹೂ ಬೆಳೆಯುವುದು ಹೊಸತಲ್ಲ. ದರ ಮೊದಲೇ ನಿಗದಿಯಾಗಿರುತ್ತದೆ ಎಂಬುದಷ್ಟೇ ನಮಗೆ ಗೊತ್ತು. ಹೂವನ್ನು ತಿರಸ್ಕರಿಸುವ ಅಧಿಕಾರ ಯಾರದು? ತೂಕ ಎಲ್ಲಿ? ಮಳೆ ಕೈಕೊಟ್ಟರೆ ಬೀಜದ ಬಾಕಿ ಯಾರ ತಲೆಗೆ? ವ್ಯಾಜ್ಯವು ದೂರದ ನಗರದ ನ್ಯಾಯಾಲಯದಲ್ಲೇ ನಡೆಯಬೇಕೆಂಬ ಒಂದು ಸಾಲು ಕೊನೆಯ ಪುಟದಲ್ಲಿ ಇರಬಹುದು. ಆ ನ್ಯಾಯಾಲಯಕ್ಕೆ ಕಾನೂನಿನಂತೆ ವ್ಯಾಪ್ತಿ ಇದ್ದರೆ ಆ ಸಾಲು ಊರ್ಜಿತವಾಗುತ್ತದೆ. ವಕೀಲರು ಮೊದಲು ಓದುವುದೇ ಅದನ್ನು.

ಶುಂಠಿಯದು ಇನ್ನೂ ತೊಡಕಿನ ವಿಷಯ. ಕೇರಳದ ಬೆಳೆಗಾರರಿಗೆ ಹೊಲವನ್ನು ಗೇಣಿಗೆ ಕೊಟ್ಟು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವ ರೂಢಿ ಇದೆ. ಆದರೆ 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯು, 1974ರ ತಿದ್ದುಪಡಿಯ ಬಳಿಕ, ಕೆಲವು ವಿನಾಯಿತಿಗಳ ಹೊರತು ಕೃಷಿ ಭೂಮಿಯ ಗೇಣಿಯನ್ನೇ ನಿಷೇಧಿಸಿದೆ. ಬಾಕಿ ಹಣಕ್ಕಾಗಿ ನ್ಯಾಯಾಲಯಕ್ಕೆ ಹೋದಾಗ ಆ ಕಾಗದವೇ ನಮಗೆ ತಿರುಗಿ ನಿಲ್ಲುತ್ತದೆ. ನೋಟರಿಯ ಮೊಹರು ಇದೆಯಲ್ಲ ಎನ್ನುವವರಿದ್ದಾರೆ. ನಿಷಿದ್ಧವಾದುದನ್ನು ಮೊಹರು ಸಕ್ರಮಗೊಳಿಸದು.

ನಾವೂ ತಪ್ಪು ಮಾಡಿದ್ದೇವೆ. ಅರಬಿ ಬಲ್ಲವರು, ಬಿ.ಎ. ಓದಿದವರು ಎಂಬ ನಂಬಿಕೆಯಿಂದ ಚಾಮರಾಜನಗರದ ಭಾವ-ಮೈದುನರಿಬ್ಬರು ಅಂಗಡಿಯ ಪಾಲುದಾರಿಕೆ ಪತ್ರವನ್ನು ನಮ್ಮಿಂದ ಬರೆಸಿದರು. ಲಾಭದ ಹಂಚಿಕೆಯನ್ನು ಅಂದವಾಗಿ ಬರೆದೆವು. ಒಬ್ಬರು ಹೊರಹೋದರೆ ಸರಕಿನ ಬೆಲೆ ಕಟ್ಟುವವರು ಯಾರೆಂದು ಬರೆಯಲಿಲ್ಲ, ನೋಂದಣಿಯ ಮಾತೆತ್ತಲಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಸಂಸ್ಥೆಯ ನೋಂದಣಿಯಾಗದಿದ್ದರೆ ಪಾಲುದಾರನು ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲಾರ; ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೇಳಬಹುದು, ಅಷ್ಟೇ. ಇದನ್ನು ವಕೀಲರ ಬಾಯಿಂದ ಕೇಳಿದಾಗ ಕಾಲ ಮೀರಿತ್ತು. ಅವರಿಬ್ಬರೂ ಇಂದು ಈದ್ಗಾಹಿನಲ್ಲಿಯೂ ಸಲಾಮ್ ಹೇಳಿಕೊಳ್ಳುವುದಿಲ್ಲ. ಸಾಕ್ಷಿಯ ಸಹಿ ನಮ್ಮದೇ.

ಶುಲ್ಕದ ಭಯವೇ? ಪತ್ರ ಓದಿಸಲು ಎಷ್ಟು, ಬರೆಸಲು ಎಷ್ಟು ಎಂದು ಮೊದಲೇ ಕೇಳಿರಿ; ಕೇಳುವುದು ಅವಮರ್ಯಾದೆಯಲ್ಲ. ಎದುರು ಪಕ್ಷದವರು ಕರೆತಂದ ವಕೀಲರನ್ನೇ ನಮ್ಮವರೆಂದು ತಿಳಿಯಬೇಡಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ಸೇವೆ ಎಂದರೆ ಮೊಕದ್ದಮೆ ಮಾತ್ರವಲ್ಲ, ಕಾನೂನು ಸಲಹೆಯೂ ಸೇರಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅದಕ್ಕೆ ಆದಾಯದ ಮಿತಿಯಿಲ್ಲ; ಇತರರಲ್ಲಿ ಕಡಿಮೆ ಆದಾಯದವರಿಗೂ ಅದು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರ ಚಾಮರಾಜನಗರದಲ್ಲಿದೆ. ಹೋಗುವಾಗ ಪಹಣಿಯನ್ನೂ ಕರಾರಿನ ಎಲ್ಲ ಪುಟಗಳನ್ನೂ ಕೊಂಡೊಯ್ಯಿರಿ, ಸಹಿ ಹಾಕುವ ಮೊದಲು.